ಆಸ್ಪತ್ರೆಯಲ್ಲಿ ಇಷ್ಟಲಿಂಗ: ಯಾರು ಯಾರನ್ನು ಅರಿಯಬೇಕು?



ರೋಗಿಯನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ಯುವ ಮುನ್ನ ದಾದಿಯರು ‘ಮೈಮೇಲೆ ಇರುವುದನ್ನೆಲ್ಲ ತೆಗೆಯಿರಿ’ ಎನ್ನುತ್ತಾರೆ. ಬಳೆ, ಉಂಗುರ, ಕೈಗಡಿಯಾರಗಳ ಸಾಲಿನಲ್ಲಿಯೇ ಕೊರಳಲ್ಲಿರುವ ಕರಡಿಗೆಯೂ ಸೇರುತ್ತದೆ. ದಾದಿಯರ ಕಣ್ಣಿಗೆ ಅದೊಂದು ಬೆಳ್ಳಿಯ ಒಡವೆ. ಗುರುವಿನಿಂದ ಕರಸ್ಥಲಕ್ಕೆ ಬಂದ ಲಿಂಗವನ್ನು ಒಂದು ದಿನವೂ ಮೈಯಿಂದ ಅಗಲಿಸದ ಮುದುಕಿಗೆ ಅದು ಪ್ರಾಣ. ಇಲ್ಲಿ ತಪ್ಪು ಯಾರದು? ನಿಯಮ ಪಾಲಿಸುವವರದೇ, ನಿಯಮಕ್ಕೆ ಅಂಜಿ ಅಳುವವಳದೇ? ಈ ಪ್ರಶ್ನೆಯನ್ನು ಭಕ್ತರು ಶ್ರೀಮಠದಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದರಿಂದ ನಾವು ಈ ಸಂಚಿಕೆಯಲ್ಲಿ ಅದನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಗಡಿಭಾಗದ ನಮಗೆ ಈ ಪ್ರಶ್ನೆ ಹೆಚ್ಚು ಬಾಧಿಸುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. 2016ರಲ್ಲಿ ಮೊಗುಡಂಪಲ್ಲಿ ಸ್ವತಃ ಒಂದು ಮಂಡಲವಾಯಿತು. ಕಾಗದದ ಮೇಲೆ ಊರು ಬದಲಾಯಿತೇ ಹೊರತು ಮನೆಯ ಮಾತು, ಪೂಜೆ, ಊಟ ಬದಲಾಗಲಿಲ್ಲ. ಜಡ್ಡು ಬಂದಾಗ ಒಬ್ಬರು ಬೀದರಿಗೆ, ಒಬ್ಬರು ಸಂಗಾರೆಡ್ಡಿಗೆ, ಒಬ್ಬರು ಹೈದರಾಬಾದಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಮೈ ಮುಟ್ಟಿ ಶುಶ್ರೂಷೆ ಮಾಡುವವರು ತೆಲುಗು, ಉರ್ದು, ಮಲಯಾಳ ಮಾತನಾಡುವ ಮನೆಗಳಿಂದ ಬಂದವರು. ನಮ್ಮ ಆಚಾರ ಅವರಿಗೆ ಹುಟ್ಟಿನಿಂದ ತಿಳಿದಿರಬೇಕೆಂದು ಬಯಸುವುದು ನ್ಯಾಯವಲ್ಲ.

ಮೊದಲು ನಿಯಮದ ಕಾರಣವನ್ನು ತಿಳಿಯೋಣ. ರಕ್ತ ನಿಲ್ಲಿಸಲು ವೈದ್ಯರು ವಿದ್ಯುತ್ತಿನ ಉಪಕರಣ ಬಳಸುವಾಗ ಮೈಗೆ ತಾಗಿದ ಲೋಹದ ಬಳಿ ಚರ್ಮ ಸುಡುವ ಅಪಾಯವಿದೆ. ಎಂ.ಆರ್.ಐ. ಯಂತ್ರವು ಬಲವಾದ ಅಯಸ್ಕಾಂತ. ಅದರ ಬಳಿಗೆ ಲೋಹ ಒಯ್ಯುವಂತಿಲ್ಲ. ಆದ್ದರಿಂದ ‘ತೆಗೆಯಿರಿ’ ಎನ್ನುವುದು ಧರ್ಮದ್ವೇಷವಲ್ಲ, ಜೀವದ ಕಾಳಜಿ. ಆದರೆ ತೆಗೆಯುವುದರಲ್ಲಿಯೂ ಎರಡು ಬಗೆಯುಂಟು. ಶಿವದಾರವನ್ನು ಕತ್ತರಿಸಿ ಉಂಗುರಗಳ ಜೊತೆ ತಟ್ಟೆಯಲ್ಲಿ ಒಗೆಯುವುದು ಒಂದು ಬಗೆ. ‘ಅಮ್ಮಾ, ಇದನ್ನು ಯಾರ ಕೈಯಲ್ಲಿ ಕೊಡಲಿ?’ ಎಂದು ಕೇಳಿ, ಮಗನ ಕೈಗೆ ಕೊಡಿಸಿ, ಎಚ್ಚರವಾದ ಕೂಡಲೇ ಮರಳಿ ಧರಿಸಲು ಬಿಡುವುದು ಇನ್ನೊಂದು ಬಗೆ. ಎರಡರಲ್ಲಿಯೂ ಅಪಾಯ ತಪ್ಪಿತು. ಎರಡನೆಯದಕ್ಕೆ ಹೆಚ್ಚಿಗೆ ತಗಲಿದ್ದು ಅರ್ಧ ನಿಮಿಷ. ವಾಣಿಜ್ಯ ಓದಿದ ನಮ್ಮ ಲೆಕ್ಕದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಜಮೆ ಬೇರೆಲ್ಲಿಯೂ ಕಾಣದು.

ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಮೆಡಲೀನ್ ಲೈನಿಂಗರ್ ಎಂಬ ದಾದಿ. ಬೇರೆ ಬೇರೆ ಸಂಸ್ಕೃತಿಯ ಮಕ್ಕಳ ಆರೈಕೆ ಮಾಡುವಾಗ ಒಂದೇ ಉಪಚಾರ ಎಲ್ಲರಿಗೂ ಒಗ್ಗುವುದಿಲ್ಲವೆಂದು 1950ರ ದಶಕದಲ್ಲಿ ಅವರು ಕಂಡರು. ಮಾನವಶಾಸ್ತ್ರ ಓದಿದರು, ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಜನರ ನಡುವೆ ಇದ್ದು ಅಭ್ಯಾಸ ಮಾಡಿದರು. 1974ರಲ್ಲಿ ಇದಕ್ಕಾಗಿಯೇ ದಾದಿಯರ ಸಂಘವೊಂದನ್ನು ಕಟ್ಟಿದರು. ಇದರಲ್ಲಿ ರೈತರಿಗೆ ಹೊಸದೇನೂ ಇಲ್ಲ. ಬೀಜ ಒಂದೇ ಆದರೂ ಎರೆ ಹೊಲಕ್ಕೆ ಒಂದು ಹದ, ಮಸಬು ಹೊಲಕ್ಕೆ ಇನ್ನೊಂದು ಹದ. ನೆಲ ನೋಡದೆ ಬಿತ್ತುವವನನ್ನು ನಾವು ಜಾಣನೆನ್ನುವುದಿಲ್ಲ.

ಮಾತಿನ ತೊಂದರೆ ಇನ್ನೂ ಸೂಕ್ಷ್ಮ. ಜಹೀರಾಬಾದಿನ ಪೇಟೆಯಲ್ಲಿ ನಮ್ಮ ವ್ಯಾಪಾರಸ್ಥರು ಕನ್ನಡ, ತೆಲುಗು, ಉರ್ದು, ಮರಾಠಿಯಲ್ಲಿ ದರ ಹೇಳುತ್ತಾರೆ. ಅದೇ ಮನೆಯ ಅಜ್ಜಿ ಆಸ್ಪತ್ರೆಯಲ್ಲಿ ಮೊಮ್ಮಗನ ಬಾಯಿಂದ ಮಾತನಾಡಬೇಕು. ಗರ್ಭಕೋಶದ ಬ್ಯಾನಿಯನ್ನು ಹದಿನೈದು ವರ್ಷದ ಹುಡುಗನ ಮುಂದೆ ಹೇಗೆ ಹೇಳಿಯಾಳು? ‘ಹೊಟ್ಟೆನೋವು’ ಎಂದಷ್ಟೇ ಹೇಳುತ್ತಾಳೆ. ಹೊಟ್ಟೆನೋವಿನ ಗುಳಿಗೆ ಸಿಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಮಾತು ತಿಳಿದ ಹೆಂಗಸೊಬ್ಬಳು ಪಕ್ಕದಲ್ಲಿ ಇದ್ದರೆ ರೋಗ ಹೊರಬೀಳುತ್ತಿತ್ತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದೂ, ಪುರುಷ ವೈದ್ಯರು ಸ್ತ್ರೀಯರನ್ನು ಪರೀಕ್ಷಿಸುವಾಗ ಇನ್ನೊಬ್ಬ ಸ್ತ್ರೀ ಜೊತೆಗಿರಬೇಕೆಂದೂ ಹೇಳಿದೆ. ಇದು ಯಾರೋ ದಯೆಯಿಂದ ಕೊಡುವ ದಾನವಲ್ಲ.

ಇನ್ನು ಊಟ. ಕ್ಷಯರೋಗಿಗೆ ‘ದಿನಾ ತತ್ತಿ ತಿನ್ನಿ’ ಎಂದು ಹೇಳುತ್ತಾರೆ. ನಮ್ಮವರು ಎದುರು ಮಾತಾಡದೆ ‘ಹೂಂ’ ಎಂದು ತಲೆಯಾಡಿಸಿ ಬಂದು, ತತ್ತಿ ತಿನ್ನುವುದಿಲ್ಲ, ಅದರ ಬದಲು ಏನು ತಿನ್ನಬೇಕೆಂದೂ ಕೇಳುವುದಿಲ್ಲ. ‘ನಾವು ಶಾಕಾಹಾರಿಗಳು’ ಎಂಬ ಎರಡು ಮಾತು ಹೇಳಿದ್ದರೆ ಹಾಲು, ಬೇಳೆ, ಶೇಂಗಾ ಎಷ್ಟು ತಿನ್ನಬೇಕೆಂದು ಅವರೇ ಹೇಳುತ್ತಿದ್ದರು. ಶ್ರಾವಣ ಸೋಮವಾರದ ಉಪವಾಸವೂ ಹೀಗೆಯೇ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಉಪವಾಸವನ್ನು ಮುಚ್ಚಿಟ್ಟರೆ ವೈದ್ಯರಾದರೂ ಏನು ಮಾಡಿಯಾರು?

ಕೊನೆಯ ಗಳಿಗೆಯ ಮಾತನ್ನೂ ಆಡಲೇಬೇಕು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಸಮಾಧಿ ಮಾಡುವ ಪದ್ಧತಿ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯತೊಡಗುತ್ತದೆ. ಇದನ್ನರಿಯದ ಆಸ್ಪತ್ರೆಯಲ್ಲಿ ದೇಹವನ್ನು ನೀಳವಾಗಿ ಮಲಗಿಸಿ ಕಾಲು ಕಟ್ಟುತ್ತಾರೆ. ಕಾಗದಪತ್ರ ಮುಗಿದು ಊರಿಗೆ ತರುವಷ್ಟರಲ್ಲಿ ತಂದೆಯ ಕಾಲು ಮಡಚಲು ಮಕ್ಕಳು ಪಡುವ ಸಂಕಟ ಕಂಡವರಿಗೇ ಗೊತ್ತು. ಅರಿತ ದಾದಿಯರಾದರೆ, ಮರಣೋತ್ತರ ಪರೀಕ್ಷೆಯಂಥ ಅಡ್ಡಿ ಇಲ್ಲದಿದ್ದಲ್ಲಿ, ‘ನಿಮ್ಮ ಪದ್ಧತಿ ಹೇಗೆ?’ ಎಂದು ಮೊದಲೇ ಕೇಳಿ ಕಾಲು ಮಡಚಲು ಬಿಟ್ಟಾರು. ಸತ್ತವರಿಗೆ ಔಷಧಿ ಇಲ್ಲ, ಗೌರವ ಉಂಟು.

ಹಾಗಾದರೆ ಶುಶ್ರೂಷೆ ಸರಿಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ನ್ಯೂಜಿಲೆಂಡಿನಲ್ಲಿ ಮಾವೊರಿ ಜನಾಂಗದ ದಾದಿ ಇರಿಹಾಪೆಟಿ ರಾಮ್ಸ್‌ಡೆನ್ ಇದಕ್ಕೆ ಉತ್ತರ ಕೊಟ್ಟರು. ಶುಶ್ರೂಷೆ ಪಡೆದವರೇ ಅದನ್ನು ಹೇಳಬೇಕು ಎಂದರು. 1992ರಲ್ಲಿ ಆ ದೇಶದ ದಾದಿಯರ ಮಂಡಳಿ ಈ ವಿಚಾರವನ್ನು ಶಿಕ್ಷಣದಲ್ಲಿ ಸೇರಿಸಿತು. ನಮಗೆ ಈ ಮಾತು ಸರಿಯೆನಿಸುತ್ತದೆ. ಆದರೆ ಇಲ್ಲಿಯೇ ಒಂದು ತೊಡಕಿದೆ.

ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಸೂಜಿ ಚುಚ್ಚಲು ಬಂದ ಹುಡುಗಿಯನ್ನು ‘ನೀ ಯಾವ ಜಾತಿ?’ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಆಕೆ ಕೊಟ್ಟ ನೀರನ್ನು ಪಕ್ಕಕ್ಕೆ ಇಡುವವರಿದ್ದಾರೆ. ಕೇಳಿದರೆ ‘ಅದು ನಮ್ಮ ಆಚಾರ’ ಎನ್ನುತ್ತಾರೆ. ರೋಗಿಯ ಮಾತೇ ಕೊನೆಯದಾದರೆ ಇದನ್ನೂ ಗೌರವಿಸಬೇಕೇ? ಸರ್ವಥಾ ಇಲ್ಲ. ನನ್ನ ದೇಹವನ್ನು, ನನ್ನ ಲಿಂಗವನ್ನು, ನನ್ನ ಊಟವನ್ನು ಹೇಗೆ ಕಾಣಬೇಕೆಂದು ಹೇಳುವ ಅಧಿಕಾರ ರೋಗಿಗೆ ಉಂಟು. ಇನ್ನೊಬ್ಬರ ಕೈಯ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಹರಳಯ್ಯ, ಮಧುವರಸರ ಕುಟುಂಬಗಳು ಕಲ್ಯಾಣದಲ್ಲಿ ತೆತ್ತ ಬೆಲೆಯನ್ನು ನೆನೆಯುವ ನಾವು, ಮಲಮೂತ್ರ ಬಳಿದು ಜೀವ ಉಳಿಸುವವರ ಜಾತಿ ಕೇಳಿದರೆ ಕೊರಳಲ್ಲಿ ಲಿಂಗವಿದ್ದೇನು ಫಲ? ವೈದ್ಯ ಸಂಗಣ್ಣನವರು ಚಿಕಿತ್ಸೆಯನ್ನೇ ಕಾಯಕ ಮಾಡಿಕೊಂಡ ಶರಣರು. ಇಂದು ರಾತ್ರಿಪಾಳಿಯಲ್ಲಿ ನಿಂತ ದಾದಿಯೂ ಕಾಯಕಜೀವಿಯೇ. ನಮ್ಮನ್ನು ಅರಿಯಿರಿ ಎಂದು ಕೇಳುವವರು ಅವರನ್ನೂ ಅರಿಯಬೇಕು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಆಸ್ಪತ್ರೆಗೆ ಸೇರಿದ ದಿನವೇ ದಾದಿಯರಿಗೆ ವಿನಯದಿಂದ ಹೇಳಿರಿ: ಕೊರಳಲ್ಲಿ ಇರುವುದು ಇಷ್ಟಲಿಂಗ, ತೆಗೆಯುವಾಗ ಮನೆಯವರ ಕೈಗೆ ಕೊಡಿರಿ. ನಮ್ಮದು ಶಾಕಾಹಾರ. ಈ ದಿನ ಉಪವಾಸವಿದೆ. ಹೆಂಗಸರ ಜೊತೆ ಮಾತು ಬಲ್ಲ ಹೆಂಗಸೊಬ್ಬಳು ಇರಲಿ. ನಿಯಮದಂತೆ ಲಿಂಗವನ್ನು ತೆಗೆಯಲೇಬೇಕಾದಲ್ಲಿ ಹಟ ಮಾಡಬೇಡಿರಿ, ಸಂಶಯವಿದ್ದರೆ ಪೂಜ್ಯರನ್ನು ಮೊದಲೇ ಕೇಳಿರಿ. ಬಿಡುಗಡೆಯಾಗಿ ಹೊರಡುವಾಗ ಶುಶ್ರೂಷೆ ಮಾಡಿದ ಕೈಗಳಿಗೆ ಒಂದು ಶರಣು ಹೇಳಿ ಬನ್ನಿರಿ.

— ಕಾರ್ಯದರ್ಶಿ