ಯಂತ್ರಕ್ಕೆ ಆಪ್ತತ್ವವುಂಟೆ?

ನಂಬಿಕೆಗೆ ಅರ್ಹವಾದ ಕೃತಕ ಬುದ್ಧಿಯನ್ನು ನಿರ್ಮಿಸಬೇಕೆಂಬ ಮಾತು ಈಗ ವಿಶ್ವವಿದ್ಯಾನಿಲಯಗಳಲ್ಲಿ ಬಹುವಾಗಿ ಕೇಳಿಬರುತ್ತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು 2019ರಲ್ಲಿ ಮಾನವಕೇಂದ್ರಿತ ಕೃತಕ ಬುದ್ಧಿಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನು ತೆರೆಯಿತು. ಅದೇ ವರ್ಷ ಐರೋಪ್ಯ ಒಕ್ಕೂಟವು ನೇಮಿಸಿದ ತಜ್ಞಮಂಡಲಿಯು ಇಂತಹ ಯಂತ್ರಗಳಿಗೆ ಇರಬೇಕಾದ 7 ಲಕ್ಷಣಗಳನ್ನು ನಿರೂಪಿಸಿತು. ಅವುಗಳಲ್ಲಿ ಮೊದಲನೆಯದು ಮನುಷ್ಯನ ಮೇಲ್ವಿಚಾರಣೆ, ಕಡೆಯದು ಉತ್ತರವಾದಿತ್ವ. ಉದ್ದೇಶವು ಶ್ಲಾಘ್ಯವಾದುದೇ. ಆದರೆ ನಂಬಿಕೆಯೆಂಬುದು ಯಂತ್ರದಲ್ಲಿ ಇಡತಕ್ಕ ವಸ್ತುವೆ ಎಂಬ ಪ್ರಶ್ನೆಯನ್ನು ಮೊದಲು ವಿಚಾರಿಸುವುದು ಉಚಿತ.

ನಮ್ಮ ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಅಂಗೀಕರಿಸುವಾಗ ಅದು ಆಪ್ತನ ಮಾತಾಗಿರಬೇಕೆಂದು ವಿಧಿಸಿದರು. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಮತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಹೇಳಿರುವುದು ಗಮನಾರ್ಹ. ಆದುದರಿಂದ ಹೊಸದೆಂಬ ಅಥವಾ ಪರದೇಶದ್ದೆಂಬ ಕಾರಣಮಾತ್ರದಿಂದ ಯಂತ್ರವನ್ನು ತಳ್ಳಿಹಾಕುವಂತಿಲ್ಲ. ಅರಿವು ಮತ್ತು ಇಚ್ಛೆ ಇವೆರಡೂ ಅದಕ್ಕೆ ಉಂಟೆ ಎಂಬುದನ್ನಷ್ಟೇ ನೋಡಬೇಕು.

ಇದಕ್ಕೊಂದು ನಿದರ್ಶನವನ್ನು ಪರಿಶೀಲಿಸೋಣ. 1990ರ ದಶಕದ ನಡುವಿನಲ್ಲಿ ಅಮೆರಿಕದ ಕೆಲವು ವಿದ್ವಾಂಸರು ನ್ಯೂಮೋನಿಯಾ ರೋಗಿಗಳ ದಾಖಲೆಗಳನ್ನು ಗಣಕಯಂತ್ರಗಳಿಗೆ ಒದಗಿಸಿ, ಯಾರಿಗೆ ಮರಣಭಯ ಹೆಚ್ಚು, ಯಾರಿಗೆ ಕಡಿಮೆ ಎಂಬುದನ್ನು ಅವುಗಳಿಂದ ಊಹಿಸಿಸಿದರು. ಭಯವುಳ್ಳವರನ್ನು ಆಸ್ಪತ್ರೆಗೆ ಸೇರಿಸಿ, ಉಳಿದವರಿಗೆ ಮನೆಯಲ್ಲಿಯೇ ಚಿಕಿತ್ಸೆ ಮಾಡಿಸಬಹುದೆಂಬುದು ಅವರ ಆಶಯ. ನಿಯಮಗಳ ರೂಪದಲ್ಲಿ ಕಲಿಯುವ ಒಂದು ಯಂತ್ರವು ವಿಚಿತ್ರವಾದ ಸಿದ್ಧಾಂತವೊಂದನ್ನು ಹೇಳಿತು: ಉಬ್ಬಸವಿರುವ ರೋಗಿಗೆ ನ್ಯೂಮೋನಿಯಾದಿಂದ ಅಪಾಯ ಕಡಿಮೆ!

ಲೆಕ್ಕದಲ್ಲಿ ತಪ್ಪಿರಲಿಲ್ಲ. ದಾಖಲೆಗಳಲ್ಲಿ ಉಬ್ಬಸದವರು ಕಡಿಮೆ ಸಂಖ್ಯೆಯಲ್ಲಿಯೇ ಮೃತರಾಗಿದ್ದರು. ಕಾರಣವನ್ನು ಬಿಡಿಸಿ ಹೇಳಿದವರು ವೈದ್ಯರು. ಇಂತಹ ರೋಗಿಗಳನ್ನು ಅತ್ಯಂತ ಅಪಾಯಸ್ಥರೆಂದೇ ಎಣಿಸಿ, ನೇರವಾಗಿ ತೀವ್ರ ಚಿಕಿತ್ಸೆಯ ವಿಭಾಗಕ್ಕೆ ಸೇರಿಸುತ್ತಿದ್ದುದರಿಂದ ಅವರು ಬದುಕಿಕೊಂಡರು. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂದು ಹೇಳುವವನು ಹಸಿಸೌದೆಯನ್ನು ಮರೆತಿದ್ದಾನೆ; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದನ್ನೇ ತಾರ್ಕಿಕರು ಉಪಾಧಿಯೆಂದು ಕರೆದರು. ಇಲ್ಲಿ ವಿಶೇಷ ಚಿಕಿತ್ಸೆಯೇ ಆ ಹಸಿಸೌದೆ. ಯಂತ್ರದ ಮಾತನ್ನು ನಂಬಿ ಉಬ್ಬಸದವರನ್ನು ಮನೆಗೆ ಕಳುಹಿಸಿದ್ದರೆ, ಅವರನ್ನು ಉಳಿಸಿದ ಉಪಚಾರವನ್ನೇ ತಪ್ಪಿಸಿದಂತಾಗುತ್ತಿತ್ತು.

ಆ ಯಂತ್ರಗಳ ಪೈಕಿ ಅತ್ಯಂತ ನಿಖರವಾದುದು ನರಜಾಲವೆಂಬ ಮತ್ತೊಂದು ಬಗೆಯದು. ಅದರ ಒಳಗಿನ ವಿಚಾರಸರಣಿಯನ್ನು ಓದುವುದು ಮಾತ್ರ ಅಸಾಧ್ಯವಾಗಿತ್ತು. ಓದಬಲ್ಲ ಯಂತ್ರದಲ್ಲಿ ಇಂತಹ ದೋಷ ಕಂಡ ಮೇಲೆ, ಓದಲಾಗದ ಯಂತ್ರದಲ್ಲಿ ಇನ್ನೆಷ್ಟು ಅಡಗಿರಬಹುದೆಂದು ಶಂಕಿಸಿ, ಅದನ್ನು ರೋಗಿಗಳ ಮೇಲೆ ಪ್ರಯೋಗಿಸದೆ ಕೈಬಿಟ್ಟರು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: “ಹೆಚ್ಚು ನಿಖರವಾದುದನ್ನು ಬಿಟ್ಟು ಕಡಿಮೆ ನಿಖರವಾದುದನ್ನು ಹಿಡಿದರೆ ಅದರಿಂದಲೂ ಪ್ರಾಣಹಾನಿಯಾಗದೆ? ವೈದ್ಯನಾದರೂ ತನ್ನ ನಿರ್ಣಯದ ಕಾರಣವನ್ನೆಲ್ಲ ವಿವರಿಸಬಲ್ಲನೆ? ಆದರೂ ಆತನನ್ನು ನಂಬುತ್ತೇವಲ್ಲ!” ಇದು ಬಲವಾದ ಆಕ್ಷೇಪ. ಎಚ್ಚರಿಕೆಗೂ ಬೆಲೆಯುಂಟು, ಆ ಬೆಲೆಯನ್ನು ತೆರುವವನು ರೋಗಿಯೇ ಎಂಬುದನ್ನು ಮರೆಯಲಾಗದು. ಆದರೆ ವೈದ್ಯನನ್ನು ನಾವು ನಂಬುವುದು ಆತನ ನಿಖರತೆಯೊಂದರಿಂದಲ್ಲ. ಆತನನ್ನು ಪ್ರಶ್ನಿಸಬಹುದು, ರೋಗಿಯು ಬದುಕಬೇಕೆಂಬ ಇಚ್ಛೆ ಆತನಿಗುಂಟು, ತಪ್ಪಿದರೆ ಆತನು ಉತ್ತರ ಹೇಳಬೇಕು. ಯಂತ್ರಕ್ಕೆ ರೋಗಿಯು ಉಳಿದರೂ ಅಳಿದರೂ ಒಂದೇ. ಅದು ಸುಳ್ಳಾಡುವುದಿಲ್ಲವೆಂಬುದು ಸರಿಯೆ. ಆದರೆ ಸತ್ಯವನ್ನೇ ಹೇಳಬೇಕೆಂಬ ಇಚ್ಛೆಯೂ ಅದಕ್ಕಿಲ್ಲ.

ಹಾಗೆಂದು ಯಂತ್ರವು ತ್ಯಾಜ್ಯವೆಂಬುದು ನಮ್ಮ ಸಿದ್ಧಾಂತವಲ್ಲ. ತಕ್ಕಡಿಯನ್ನು ನಾವು ದಿನವೂ ಉಪಯೋಗಿಸುತ್ತೇವೆ; ಅದು ಕರಣ, ಆಪ್ತನಲ್ಲ. ತೂಕವನ್ನು ಪರೀಕ್ಷಿಸಿ ಮುದ್ರೆಯೊತ್ತಿದ ಅಧಿಕಾರಿಯಲ್ಲಿಯೂ ಅದನ್ನು ಹಿಡಿದ ವರ್ತಕನಲ್ಲಿಯೂ ನಮ್ಮ ನಂಬಿಕೆಯು ನಿಂತಿದೆ. ಆದುದರಿಂದ ನಂಬಲರ್ಹವಾದ ಯಂತ್ರವೆಂದರೆ, ನಂಬಲರ್ಹರಾದ ಮನುಷ್ಯರು ಪರೀಕ್ಷಿಸಬಲ್ಲ, ತಿದ್ದಬಲ್ಲ, ಮತ್ತು ಅದರ ಫಲಕ್ಕೆ ತಾವೇ ಹೊಣೆಯಾಗಿ ನಿಲ್ಲುವ ಯಂತ್ರವೆಂದೇ ಅರ್ಥ.

ಇದು ಬರಿಯ ಆಶೆಯಲ್ಲ. 2015ರಲ್ಲಿ ರಿಚ್ ಕರುವಾನಾ ಮೊದಲಾದವರು ಇದೇ ನ್ಯೂಮೋನಿಯಾ ಪ್ರಶ್ನೆಗೆ ಮರಳಿ, ನಿಖರತೆಯನ್ನು ಹೆಚ್ಚಾಗಿ ಬಿಟ್ಟುಕೊಡದೆ, ತಜ್ಞರು ಓದಿ ತಿದ್ದಬಹುದಾದ ವಿಧಾನವನ್ನು ತೋರಿಸಿದರು. ಅನಿವಾರ್ಯವೆಂದು ತೋರಿದ ಧರ್ಮಸಂಕಟವು ಪರಿಶ್ರಮದಿಂದ ಬಹುಮಟ್ಟಿಗೆ ಸಡಿಲವಾಯಿತು. ಸಂಶೋಧನೆಯು ಮಾಡಬೇಕಾದ ಕಾರ್ಯವು ಇಂತಹುದೇ.

ಬೋಧನೆಯ ವಿಷಯದಲ್ಲಿಯೂ ಇದರಿಂದ ಒಂದು ಪಾಠವುಂಟು. ಉಬ್ಬಸದ ಉಪಾಧಿಯನ್ನು ಕಂಡದ್ದು ಗಣಿತವಲ್ಲ, ರೋಗಿಯ ಹಾಸಿಗೆಯ ಬಳಿ ನಿಂತವರ ಅನುಭವ. ಹಾರ್ವರ್ಡ್ ವಿಶ್ವವಿದ್ಯಾನಿಲಯವು 2017ರಲ್ಲಿ ಆರಂಭಿಸಿದ ಕ್ರಮದಲ್ಲಿ ತತ್ತ್ವಶಾಸ್ತ್ರಜ್ಞರು ಗಣಕವಿಜ್ಞಾನದ ತರಗತಿಗಳಿಗೇ ಬಂದು, ಅಲ್ಲಿಯ ಪಾಠದೊಡನೆ ನೀತಿವಿಚಾರವನ್ನೂ ಬೋಧಿಸುತ್ತಾರೆ. ನೀತಿಯನ್ನು ಬೇರೆ ಕೋಣೆಯಲ್ಲಿ, ಬೇರೆ ಪುಸ್ತಕದಲ್ಲಿ ಕಲಿತವನು ಯಂತ್ರದ ಮುಂದೆ ಕುಳಿತಾಗ ಅದನ್ನು ನೆನೆಯುವನೆಂಬ ಭರವಸೆಯಿಲ್ಲ. “ಈ ಲೆಕ್ಕದಲ್ಲಿ ಹಸಿಸೌದೆ ಎಲ್ಲಿದೆ? ಇದು ತಪ್ಪಿದರೆ ನೋವು ಯಾರಿಗೆ, ಉತ್ತರ ಹೇಳುವವನು ಯಾರು?” ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಯು ಸೂತ್ರವನ್ನು ಕಲಿಯುವಾಗಲೇ ಕಲಿಯಬೇಕು. ಅಂತಹವನ ಕೈಯಲ್ಲಿರುವ ಯಂತ್ರವನ್ನು ಲೋಕವು ಅಳುಕದೆ ಬಳಸಬಹುದು.