ಬದು

2004ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮೇಲೆ ಕಾಲೇಜು ದಿನಗಳಿಂದಲೂ ನನ್ನ ಕಣ್ಣಿತ್ತು. 1.8 ಲೀಟರ್ ಪೆಟ್ರೋಲ್ ಟರ್ಬೊ, 150 ಹಾರ್ಸ್‌ಪವರ್. ಸಂಬಳ ಬರತೊಡಗಿ ವರ್ಷಗಳಾದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕೊಂಡೆ. ಬಿರುಕುಬಿಟ್ಟ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ, ಆಮೇಲೆ ಎಲ್ಲರಂತೆ ನಾನೂ ರೀಮ್ಯಾಪ್ ಮಾಡಿಸಿದೆ.

ರೀಮ್ಯಾಪ್ ಅಂದ್ರೆ ನಮ್ಮ ಕೆಲಸವೇ, ಸಾಫ್ಟ್‌ವೇರ್. ಇಂಜಿನ್ ಕಂಪ್ಯೂಟರಿನ ಫೈಲ್ ಬದಲಿಸಿದರೆ ಟರ್ಬೊ ಹೆಚ್ಚು ಒತ್ತಡದಲ್ಲಿ ಗಾಳಿ ತುಂಬುತ್ತೆ. ಪೆಟ್ರೋಲಿನ ಪ್ರಮಾಣ, ಕಿಡಿ ಹೊತ್ತುವ ಸಮಯ ಅದಕ್ಕೆ ತಕ್ಕಂತೆ ಬದಲಾಗುತ್ತೆ. 150 ಇದ್ದದ್ದು 190ರ ಹತ್ತಿರ ಹೋಯ್ತು. "ಕಂಪನಿಯವ್ರು ಸುಮ್ನೆ ಬಿಟ್ಟಿರೋ ಪವರ್ ಸರ್ ಇದು" ಅಂದ ಟ್ಯೂನರ್.

ಸುಮ್ನೆ ಬಿಟ್ಟಿದ್ದಲ್ಲ. ಕೆಟ್ಟ ಪೆಟ್ರೋಲು, ಏಪ್ರಿಲ್ ಬಿಸಿಲು, ಸರ್ವಿಸ್ ಮರೆಯುವ ಮಾಲೀಕ, ಇಂಥವಕ್ಕೆಂದು ಉಳಿಸಿಟ್ಟದ್ದು. ಅದನ್ನು ತಿಂದು ಇಂಜಿನ್ ಹೋದರೆ ನಷ್ಟ ನನ್ನದೇ. ನನ್ನ ದುಡ್ಡು, ನನ್ನ ಕಾರು. ವಾದ ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಮುಂದಿನ ಶನಿವಾರ ರಾತ್ರಿ ಎರಡೂವರೆಗೆ ಬೆಂಗಳೂರು ಬಿಟ್ಟು ಊರಿಗೆ ಹೊರಟೆ. ಶಿರಾ ದಾಟಿದ ಮೇಲೆ ರಸ್ತೆ ಖಾಲಿ. ಮುಳ್ಳು 140ರಲ್ಲಿತ್ತು. ಡಿವೈಡರ್ ಪಕ್ಕ ಒಂದು ಬ್ಯಾಟರಿ ಬೆಳಕು. ಯಾರೋ ಒಂದು ಹೆಜ್ಜೆ ಮುಂದಿಟ್ಟವರು ತಟಕ್ಕನೆ ಹಿಂದೆ ಸರಿದರು. ತಲೆಗೆ ಸುತ್ತಿದ್ದ ಟವೆಲ್ ಅಷ್ಟೇ ನನಗೆ ಕಂಡದ್ದು.

ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ನಮ್ಮಪ್ಪ ದಾಟೋದೂ ಇದೇ ಹೈವೇನ. ದೂರದ ಲೈಟು ನೋಡಿ, ಇಷ್ಟೊತ್ತಿಗೆ ಬರುತ್ತೆ ಅಂತ ಅಂದಾಜು ಹಾಕಿ ಹೆಜ್ಜೆ ಇಡ್ತಾನೆ. ಆ ಅಂದಾಜು 80ರದ್ದು. 140 ಅಂದ್ರೆ ಸೆಕೆಂಡಿಗೆ 39 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ ಬೇಕಾದ ದೂರ 80ರದ್ದಕ್ಕಿಂತ ಸುಮಾರು ಮೂರು ಪಟ್ಟು. ಇದು ಪಿಯುಸಿ ಫಿಸಿಕ್ಸು.

"ಸ್ಟಾಕ್ ಕಾರೂ 140 ಹೋಗುತ್ತಲ್ಲೋ, ತಪ್ಪು ನಿನ್ನ ಕಾಲಿಂದು" ಅಂದ ಗೆಳೆಯ. ನಿಜ. ಆದರೆ ಆ ಕಾಲಿಗೆ ಆಸೆ ಹುಟ್ಟಿಸೋಕೇ ತಾನೆ ನಾನು ದುಡ್ಡು ಕೊಟ್ಟದ್ದು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಮಾರ್ಪಡಿಸೋದಕ್ಕೆ ಮಿತಿ ಹಾಕಿದೆ. ಆದರೆ ಫೈಲ್ ಬದಲಾದದ್ದು ರಸ್ತೆಯಲ್ಲಿ ತಡೆದು ನಿಲ್ಲಿಸಿದವರ ಕಣ್ಣಿಗೆ ಬೀಳಲ್ಲ. ಹಾಗಾಗಿ ಪ್ರಶ್ನೆ ನನ್ನ ಹತ್ರವೇ ಉಳೀತು.

ನಮ್ಮೂರಲ್ಲಿ ಬದು ಒತ್ತೋರಿದ್ದಾರೆ. ಎರಡು ಹೊಲದ ನಡುವಿನ ಬದು ಸುಮ್ನೆ ಬಿದ್ದಿದೆ ಅಂತ ವರ್ಷಕ್ಕೊಂದು ಸಾಲು ಒಳಗೆ ಹಾಕ್ಕೊಳ್ತಾರೆ. ಆ ಬದುವಿನ ಮೇಲೇ ಬೇರೆಯವರು ಹೊಲಕ್ಕೆ ಹೋಗಬೇಕು ಅನ್ನೋದು ಅವರ ಲೆಕ್ಕಕ್ಕಿಲ್ಲ. ಇಂಜಿನ್ನಿನ ಬದು ನನ್ನದಿರಬಹುದು. ರಸ್ತೆಯ ಬದು ನನ್ನದಲ್ಲ.

ಅವತ್ತು ಮನೆ ಸೇರಿದಾಗ ಅಪ್ಪ ಕೇಳಿದ, "ಎಷ್ಟೊತ್ತಿಗೆ ಬಿಟ್ಟೆ?" ಹೇಳಿದೆ. ಗಡಿಯಾರ ನೋಡಿ ಸುಮ್ಮನಾದ.

ಹಳೇ ಫೈಲ್ ವಾಪಸ್ ಹಾಕಿಸಿದೀನಿ. ಉಳಿದ ದುಡ್ಡಲ್ಲಿ ಒಳ್ಳೆ ಟೈರು, ಬ್ರೇಕ್ ಪ್ಯಾಡು. ಆ 40 ಹಾರ್ಸ್‌ಪವರ್ ಆಗಾಗ ನೆನಪಾಗುತ್ತೆ, ಸುಳ್ಳು ಹೇಳಲ್ಲ.