ಪ್ರಮಾದ ಯಾರದು?

ವಾಹನಾಪಘಾತದಲ್ಲಿ ಪ್ರಾಣಹಾನಿಯಾದಾಗ ಮೊದಲು ಏಳುವ ಪ್ರಶ್ನೆ ‘ತಪ್ಪು ಯಾರದು?’ ಎಂಬುದು. ನ್ಯಾಯಾಲಯವು ಸಾಕ್ಷ್ಯಾಧಾರಗಳಿಂದ ಇದಕ್ಕೆ ಉತ್ತರ ಕಂಡುಕೊಳ್ಳುತ್ತದೆ. ಶ್ರಾವಕನಾದವನು ಅದೇ ಪ್ರಶ್ನೆಯನ್ನು ತನ್ನ ಅಂತರಂಗಕ್ಕೂ ಕೇಳಿಕೊಳ್ಳಬೇಕಾಗುತ್ತದೆ. ಎರಡು ಉತ್ತರಗಳೂ ಸದಾ ಒಂದೇ ಆಗಿರುವುದಿಲ್ಲ.

ವಿವೇಕವುಳ್ಳ ಸಾಮಾನ್ಯ ಮನುಷ್ಯನು ಅದೇ ಪರಿಸ್ಥಿತಿಯಲ್ಲಿ ವಹಿಸುತ್ತಿದ್ದ ಎಚ್ಚರಿಕೆಯನ್ನು ವಹಿಸದಿರುವುದೇ ಕಾನೂನಿನ ದೃಷ್ಟಿಯಲ್ಲಿ ನಿರ್ಲಕ್ಷ್ಯ. ವಾಹನದ ವೇಗ, ರಸ್ತೆಯ ತಿರುವು, ಬ್ರೇಕಿನ ಗುರುತು, ಸ್ಥಳದ ಪಂಚನಾಮೆ, ಪ್ರತ್ಯಕ್ಷದರ್ಶಿಗಳ ಹೇಳಿಕೆ ಇವೆಲ್ಲವನ್ನೂ ತೂಗಿ ನೋಡಲಾಗುತ್ತದೆ. ನಿರ್ಲಕ್ಷ್ಯದಿಂದ ಸಾವನ್ನುಂಟುಮಾಡಿದವನಿಗೆ ಹಳೆಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ಗರಿಷ್ಠ 2 ವರ್ಷಗಳ ಸೆರೆವಾಸವಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು 5 ವರ್ಷಗಳಿಗೆ ಏರಿಸಿತು. ಶಿಕ್ಷೆಗೆ ಅಪರಾಧವು ಸಂಶಯಾತೀತವಾಗಿ ಸಿದ್ಧವಾಗಬೇಕು. ಪರಿಹಾರ ನೀಡುವ ನ್ಯಾಯಮಂಡಳಿಗೆ ಹೆಚ್ಚು ಸಂಭವನೀಯವಾದುದು ಯಾವುದೆಂಬ ನಿರ್ಣಯವೇ ಸಾಕು. ಆದ್ದರಿಂದ ಚಾಲಕನು ಶಿಕ್ಷೆಯಿಂದ ಪಾರಾದರೂ ಮಾಲೀಕನ ಮೇಲೆ ಪರಿಹಾರದ ಹೊಣೆ ಬೀಳಬಹುದು.

ಜೈನಾಚಾರ್ಯರ ವಿಚಾರವು ‘ಪ್ರಮಾದ’ದಿಂದ ಆರಂಭವಾಗುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಎಚ್ಚರದಪ್ಪಿ ನಡೆದವನು ಯಾವ ಜೀವಿ ಸಾಯದಿದ್ದರೂ ದೋಷಿಯೆಂದೂ, ಎಚ್ಚರದಿಂದ ನಡೆದವನಿಗೆ ಅಕಸ್ಮಾತ್ತಾಗಿ ಜೀವಹಾನಿಯಾದರೂ ಆ ದೋಷವಿಲ್ಲವೆಂದೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ನಿದ್ದೆಗಣ್ಣಿನಲ್ಲಿ ವಾಹನ ನಡೆಸಿ ಕ್ಷೇಮವಾಗಿ ಮನೆ ಸೇರಿದವನ ಮೇಲೆ ಮೊಕದ್ದಮೆ ಬರಲಾರದು. ಪ್ರಮಾದವಂತೂ ನಡೆದೇ ಹೋಗಿರುತ್ತದೆ.

ತೀರ್ಥಯಾತ್ರೆಯೊಂದನ್ನು ಊಹಿಸಬಹುದು. ಬೆಳಗಾವಿಯ ಕಡೆಯಿಂದ ಶ್ರವಣಬೆಳಗೊಳಕ್ಕೆ ಬಸ್ಸು ಹೊರಟಿದೆ. ಹಗಲೆಲ್ಲ ದಾರಿಯ ಬಸದಿಗಳ ದರ್ಶನ ಮಾಡಿಸಿದ ಚಾಲಕನನ್ನು, ಬೆಳಗಿನ ಅಭಿಷೇಕಕ್ಕೆ ತಲುಪಲೇಬೇಕೆಂದು ವ್ಯವಸ್ಥಾಪಕರು ಅವಸರಪಡಿಸುತ್ತಾರೆ. ಇನ್ನೊಬ್ಬ ಚಾಲಕನ ಖರ್ಚು ಉಳಿಯಿತೆಂದು ಯಾತ್ರಿಕರು ಸಂತೋಷಪಡುತ್ತಾರೆ. ಮುಂಜಾವಿನಲ್ಲಿ ಚಾಲಕನ ಕಣ್ಣು ಮುಚ್ಚುತ್ತದೆ. ಸೈಕಲ್ಲಿನಲ್ಲಿ ಹಾಲು ಒಯ್ಯುತ್ತಿದ್ದವನು ಸಾಯುತ್ತಾನೆ. ದೋಷಾರೋಪಣ ಪಟ್ಟಿಯಲ್ಲಿ ಚಾಲಕನ ಹೆಸರೊಂದೇ ಇರುತ್ತದೆ. ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಆದರೆ ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಗೆಯಲ್ಲಿಯೂ ಕರ್ಮಾಸ್ರವವಾಗುವುದೆಂಬುದು ಜೈನಶಾಸ್ತ್ರದ ನಿಶ್ಚಿತ ಮತ. ವಾಹನ ನಡೆಸಿದುದು ಚಾಲಕನ ಕೃತ. ಅವಸರಪಡಿಸಿದುದು ವ್ಯವಸ್ಥಾಪಕರ ಕಾರಿತ. ಸಂತೋಷಪಟ್ಟುದು ಯಾತ್ರಿಕರ ಅನುಮೋದನ.

ಕಾನೂನು ಕಾರಿತವನ್ನು ಪೂರ್ಣವಾಗಿ ಕಡೆಗಣಿಸಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199-ಎ ಕಲಮಿನಂತೆ, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ ಉಂಟು. ತಮಗೆ ತಿಳಿಯದೆ ನಡೆದುದೆಂದೋ ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆವೆಂದೋ ಸಾಬೀತುಪಡಿಸುವ ಭಾರವೂ ಅವರದೇ. ಮೋಟಾರು ಸಾರಿಗೆ ಕಾರ್ಮಿಕರ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗಳಿಗೆ ಮಿತಗೊಳಿಸಿ 1961ರಲ್ಲಿಯೇ ಕಾಯ್ದೆಯಾಯಿತು. ಯಾತ್ರೆಯ ಅವಸರದಲ್ಲಿ ಇದನ್ನು ನೆನೆಯುವವರು ವಿರಳ.

ದೋಷವು ಹಲವರಿಗೆ ಹಂಚಿಹೋದರೆ ಚಾಲಕನ ಭಾರ ಇಳಿಯುವುದೇ ಎಂದು ಕೇಳಬಹುದು. ಇಳಿಯುವುದಿಲ್ಲ. ಕರ್ಮಬಂಧವು ಪಾಲುಗಾರಿಕೆಯ ಸಾಲವಲ್ಲ. ಅದು ಅವರವರ ಭಾವಕ್ಕನುಗುಣವಾಗಿ ಅವರವರಿಗೆ ಪೂರ್ಣವಾಗಿಯೇ ಅಂಟುತ್ತದೆ. ವಿಮೆಯ ಹಣ ಅದನ್ನು ತೀರಿಸಲಾರದು.

ಯಾತ್ರೆ ಏರ್ಪಡಿಸುವ ಟ್ರಸ್ಟುಗಳು ಎರಡನೆಯ ಚಾಲಕನ ವೇತನವನ್ನು ಪೂಜೆಯ ಖರ್ಚಿನಷ್ಟೇ ಅಗತ್ಯವೆಂದು ಎಣಿಸಬೇಕು. ಅಪಘಾತವಾದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸದೆ ಓಡುವುದು ಎರಡನೆಯ ಹಿಂಸೆ. ಪ್ರಾಣಹಾನಿಯಾಗಿದ್ದರೆ, ತೀರ್ಪಿಗೆ ಕಾಯದೆ ಮೃತನ ಮನೆಯ ಬಾಗಿಲಿಗೆ ಹೋಗಿ ಕ್ಷಮೆ ಯಾಚಿಸಿ ಆ ಕುಟುಂಬಕ್ಕೆ ಆಸರೆಯಾಗುವವರ ಪ್ರತಿಕ್ರಮಣವೇ ಸಾರ್ಥಕವಾದುದು.